ಕಂಬಳಿಯ ನಾಲ್ಕು ಮೂಲೆ

ಆಗಸ್ಟ್ 9, 1998. ಭಾನುವಾರ

ಸರಪಂಚ ಸಿದ್ದರಾಮಪ್ಪನ ಹೆಂಡತಿಯ ಕುಬಸದ ಹೊಲಿಗೆ ಮೂರನೇ ಸಲ ಬಿಚ್ಚಿದೆ. ಕುತ್ತಿಗೆ ಇಳಿಸು ಅಂದಳು, ಇಳಿಸಿದೆ. ಈಗ ಏರಿಸಬೇಕಂತೆ. ಇಳಿಸಿದ ಕುತ್ತಿಗೆ ಏರಿಸಲು ನಾನೇನು ದೇವರೇ?

ಕೈಮಷೀನಿನ ಹಿಡಿಕೆ ಕಿರಗುಡುತ್ತಿತ್ತು. ವೈನಿಯ ತಲೆಗೆ ಹಚ್ಚುವ ಎಣ್ಣೆ ಎರಡು ಹನಿ ಬಿಟ್ಟೆ. ನೋಡಿದಳು. ಏನೂ ಅನ್ನಲಿಲ್ಲ. ಅಣ್ಣನ ಹೆಂಡತಿಯಾಗಿ ಈ ಮನೆಗೆ ಬಂದಾಗಿನಿಂದ ಆಕೆ ಏನಾದರೂ ಅಂದದ್ದು ನನಗೆ ನೆನಪಿಲ್ಲ.

ಸಂಜೆ ನಮ್ಮ ದೇವರು ಬೀರೋಬನ ಗುಡ್ಡದ ಮೇಲೆ ಮೀಟಿಂಗ್. ಹೋದ ವರ್ಷದ ಹಾಗೆ ಹಳ್ಳ ಊರೊಳಗೆ ಬಂದರೆ ಏನು ಮಾಡುವುದು, ಅದರ ಮಾತು. ಎಲ್ಲರೂ ಹೋದರು. ಮನೆಯಲ್ಲಿ ನಾನು, ಒಂದು ಕಾವಿಗೆ ಕೂತ ಕೋಳಿ. ಇಬ್ಬರೂ ಏಳುವಂತಿಲ್ಲ.

ಅಣ್ಣ ಬಂದು ಹೇಳಿದ. ನೀರು ಏರಿದರೆ ಗುಡ್ಡದ ಮೇಲೆ ಡೊಳ್ಳು ಬಾರಿಸುತ್ತಾರೆ. ಮೊದಲು ಕುರಿ, ದನ. ಆಮೇಲೆ ಮಕ್ಕಳು, ಹೆಂಗಸರು, ಮುದುಕರು. ನಾನು? ನಾನು ಮಾಳಿಗೆ ಮೇಲೆ. ಎಲ್ಲರೂ ಹೂಂ ಅಂದರಂತೆ. ನನ್ನ ಜೀವದ ಮಾತು, ಆಡಿದ್ದು ನಾನು ಹತ್ತಲಾಗದ ಗುಡ್ಡದಲ್ಲಿ.

ಪೋಲಿಯೋ ಕಾಲು ತಿಂದು ನಾಲಿಗೆ ಬಿಟ್ಟಿತು ಎಂದು ಅವ್ವ ನನ್ನ ಬಗ್ಗೆ ಹೇಳುವುದುಂಟು. ಇವತ್ತು ಆ ನಾಲಿಗೆಯೂ ಕೆಲಸಕ್ಕೆ ಬರಲಿಲ್ಲ.

ಆಗಸ್ಟ್ 11

ನಿದ್ದೆ ಸರಿ ಇಲ್ಲ. ಹೋದ ವರ್ಷದ್ದೇ ನೆನಪು. ಒಂದು ಹಗಲು, ಒಂದು ರಾತ್ರಿ ಮಾಳಿಗೆ ಮೇಲೆ. ಹಂಚಿನದಲ್ಲ, ಸಿಮೆಂಟಿನದಲ್ಲ, ಮಣ್ಣಿನ ಮಾಳಿಗೆ. ಮಳೆ ಕುಡಿದು ಕುಡಿದು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಕೈಯೂರಿದರೆ ಅಂಗೈ ಒಳಗೆ. ಕೆಳಗೆ ತೊಲೆ ನರಳುವ ಸದ್ದು. ಗುಡ್ಡದ ಮೇಲೆ ಇಡೀ ಊರು, ಒಲೆಯ ಹೊಗೆ, ಯಾರೋ ನಗುವುದೂ ಕೇಳುತ್ತಿತ್ತು.

ಅದೇ ದಿನ ಪಕ್ಕದ ಕಾಶೀಬಾಯಿಯ ಮಾಳಿಗೆ ಕುಸಿಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಊರೆಲ್ಲ ನೋಡಿದೆ. ಆದರೂ ನನಗೆ ಮಾಳಿಗೆ. ಐದು ವರ್ಷದ ಹಿಂದಿನ ಭೂಕಂಪದಿಂದ ನಮ್ಮ ಗೋಡೆಯಲ್ಲೂ ಬಿರುಕಿದೆ.

ಇದನ್ನು ಕನ್ನಡದಲ್ಲಿ ಬರೆಯುವುದೇ ಒಳ್ಳೆಯದು. ಅಣ್ಣ ಮರಾಠಿ ಶಾಲೆ ಕಲಿತವನು. ಈ ವಹಿ ತೆರೆದಿಟ್ಟರೂ ಅವನಿಗೆ ಬೀಗ ಹಾಕಿದ ಹಾಗೆ.

ಆಗಸ್ಟ್ 16. ಭಾನುವಾರ

ಅಪ್ಪನನ್ನು ಕೇಳಿಯೇಬಿಟ್ಟೆ. ಕುರಿಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಎಷ್ಟು ಊರು ತಿರುಗಿಲ್ಲ ಅಪ್ಪ. ನನ್ನನ್ನೂ ಹಾಗೆ ಹೊರು ಅಂದೆ. ಚಿಕ್ಕವಳಿದ್ದಾಗ ಹೊತ್ತೊಯ್ದು ಬೀರೋಬನಿಗೆ ಕೈ ಮುಗಿಸಿದ್ದ. ದೊಡ್ಡವಳಾದ ಮೇಲೆ ಯಾರೂ ಹೊತ್ತಿಲ್ಲ. ಹೆಣ್ಣುಮಗಳು, ಮಂದಿ ಏನಂದಾರು.

ಅಪ್ಪ ನಕ್ಕ. ಆದರೂ ಕಂಬಳಿ ತಂದ. ಬೆನ್ನಿಗೆ ಕಟ್ಟಿಕೊಂಡು ಎದ್ದ. ಬೇವಿನ ಮರದ ತನಕ ಹೋದ. ಅವನ ಮೊಣಕಾಲು ನಡುಗುವುದು ನನ್ನ ಎದೆಗೆ ತಿಳಿಯಿತು. ಮೆಲ್ಲಗೆ ಕಟ್ಟೆಯ ಮೇಲೆ ಇಳಿಸಿದ. ಬಹಳ ಹೊತ್ತು ಉಸಿರು ಬಿಡುತ್ತ ಕೂತ.

"ಒಬ್ಬರ ಭಾರ ಅಲ್ಲವ್ವ ನೀ ಈಗ. ಕಂಬಳ್ಯಾಗ ಕುಂಡ್ರಿಸಿ ನಾಕ ಮಂದಿ ನಾಕ ಮೂಲಿ ಹಿಡದ್ರ, ಗುಡ್ಡ ಏನ ದೊಡ್ಡ ಮಾತಲ್ಲ."

ಇಷ್ಟು ಸುಲಭವೇ! ನನಗೆ ಯಾಕೆ ಹೊಳೆದಿರಲಿಲ್ಲ?

ಅವ್ವ ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಜೀವ ಇದ್ದವ್ರನ್ನ ನಾಕ ಮೂಲಿ ಹಿಡದ ಯಾರರೆ ಹೊರ್ತಾರೇನು? ಅದು ಹೆಣಾ ಒಯ್ಯೂದು. ನನ್ನ ಕಣ್ಣ ಮುಂದ ಆ ಮಾತ ಬ್ಯಾಡ."

ಅಪ್ಪ ಕಂಬಳಿ ಮಡಚಿದ. ನಮ್ಮಲ್ಲಿ ಕಂಬಳಿ ಎಂದರೆ ಬೀರೋಬನ ಗದ್ದುಗೆ. ಅದರ ನಾಲ್ಕು ಮೂಲೆ ಎತ್ತಿದರೆ ಅದು ಒಂದೇ ಪ್ರಯಾಣ. ನನಗೂ ಗೊತ್ತು. ಗೊತ್ತಿದ್ದರೂ ಅಳು ಬಂತು. ಕಂಬಳಿ ಗೂಟಕ್ಕೆ ಹೋಯಿತು.

ಆಗಸ್ಟ್ 30

ಅಪ್ಪ ಕುರಿ ಹೊಡೆದುಕೊಂಡು ಭಂಡಾರಕವಠೆ ಕಡೆ ಹೋಗಿ ವಾರವಾಯಿತು. ನಮ್ಮ ಎರೆಮಣ್ಣಿನ ಕೆಸರಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಈಗೀಗ ಮಳೆಗೆ ಹದವೇ ಇಲ್ಲ, ಬಂದರೆ ಬಂದೇ ಬರುತ್ತದೆ ಎಂದು ಬೈದುಕೊಂಡು ಹೋದ.

ಅಣ್ಣ ಇವತ್ತು ದಿನವಿಡೀ ಮಾಳಿಗೆ ಮೇಲೆ. ಬಿದಿರು ನೆಟ್ಟು, ಮಳೆ ತಾಗದಂತೆ ಮೇಲೆ ತಾಡಪತ್ರಿ ಕಟ್ಟಿದ. ಮಡಕೆ ಇಟ್ಟ. ಚುರುಮುರಿಯ ಡಬ್ಬಿ. ಹೊಸ ನಿಚ್ಚಣಿಕೆ ಬೇರೆ. ಬೆವರು ಒರೆಸಿಕೊಳ್ಳುತ್ತ ಬಂದು, ನಿನಗ ಬಂಗ್ಲಾ ಕಟ್ಟೀನಿ ಅಂದ. ಆ ಮುಖ ನೋಡಿ ಏನನ್ನಲಿ? ಶಿವಶರಣ ಎನ್ನುವ ನನ್ನ ಅಣ್ಣ ಸಿಟ್ಟಿಗೆ ಜಾಗವನ್ನೇ ಬಿಡದೆ ಪ್ರೀತಿ ಮಾಡುತ್ತಾನೆ.

ಅವನು ಹೊಲಕ್ಕೆ ಹೋದ ಮೇಲೆ ನಿಚ್ಚಣಿಕೆ ಪ್ರಯತ್ನಿಸಿದೆ. ಕೈಯ ಬಲದಲ್ಲೇ ಹತ್ತಿದೆ. ಇಳಿದೆ ಕೂಡ! ಮತ್ತೆ ಹತ್ತಿದೆ. ಇಳಿಯುವಾಗ ಅಣ್ಣ ಬಂದುಬಿಟ್ಟ. ಹೌಹಾರಿದ. ಬಿದ್ದು ಸೊಂಟ ಮುರಿದರೆ ಎಂದು ಬೈದ. ಬೈದು ಬೈದು ಕಣ್ಣು ತುಂಬಿಕೊಂಡ.

ಸೆಪ್ಟೆಂಬರ್ 20

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಹೊಲಿದದ್ದು ಕುಬಸ, ಕುಬಸ, ಪರಕರ.

ಈಗ ಮಳೆ. ನಿಂತೇ ಇಲ್ಲ. ಹನ್ನೂರಿನ ಬಸ್ಸು ಬಂದ್. ಮಷೀನಿನ ಮೇಲೆ ಸೋರುತ್ತದೆ, ಅದಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ನಾನು ನೆನೆಯುತ್ತೇನೆ. ಗೋಡೆಯ ಬಿರುಕಿಗೆ ಬೆರಳು ಹಾಕಿದೆ. ಪೂರ್ತಿ ಒಳಗೆ ಹೋಯಿತು. ಅಣ್ಣನಿಗೆ ತೋರಿಸಿದೆ. ಸಗಣಿ, ಮಣ್ಣು ಕಲಸಿ ಮೆತ್ತಿದ. ಈಗ ಬಿರುಕು ಕಾಣುವುದಿಲ್ಲ. ಅಷ್ಟೇ.

ವೈನಿ ಸಂಜೆ ಗೂಟದ ಮೇಲಿನ ಕಂಬಳಿ ಇಳಿಸಿ ಝಾಡಿಸಿದಳು. ಬಿಸಿಲಿಲ್ಲ, ಏನಿಲ್ಲ. ಯಾಕೆ ಅಂದೆ. ಏನೂ ಅನ್ನಲಿಲ್ಲ.

ಸೆಪ್ಟೆಂಬರ್ 26. ಶನಿವಾರ. ಬೆಳಿಗ್ಗೆ

ಡೊಳ್ಳು. ಮಳೆಗೆ ಚರ್ಮ ಸಡಿಲಾಗಿದೆ, ದಬ ದಬ ಅಂತಷ್ಟೇ... ಆದರೂ ಡೊಳ್ಳೇ. ಎಮ್ಮೆ ಬಿಚ್ಚುತ್ತಿದ್ದಾರೆ. ಅಂಗಳಕ್ಕೆ ನೀರು ಬಂದಿದೆ. ನಾನು ಹೊಸ್ತಿಲು ಹಿಡಿದು ಕೂತಿದ್ದೇನೆ. ಈ ಸಲ ಬಿಡುವುದಿಲ್ಲ.

ಅದೇ ದಿನ. ಮಾಳಿಗೆ ಮೇಲೆ

ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಹೇಳಿದೆ ಅಣ್ಣನಿಗೆ. "ಮ್ಯಾಲ ಹೋಗಂಗಿಲ್ಲ. ಗುಡ್ಡಕ್ಕ ಒಯ್ಯಿ. ಮಾಳಗಿ ಈ ಸಲ ತಡೆಯಂಗಿಲ್ಲ, ಶಿವಣ್ಣ."

ಅವನ ಒಂದು ಕಂಕುಳಲ್ಲಿ ಅವನ ಪುಟ್ಟ ಮಗು, ಇನ್ನೊಂದು ಕೈಯಲ್ಲಿ ಅವ್ವ. ಮಗುವನ್ನು ವೈನಿಗೆ ಕೊಟ್ಟ. ಗುಡ್ಡದ ದಾರಿ ಕೆಸರು, ನಿನ್ನ ಹೊತ್ತು ಜಾರಿದರೆ ಇಬ್ಬರೂ ಹೋಗುತ್ತೇವೆ ಅಂದ. ಸುಳ್ಳಲ್ಲ. ಒಬ್ಬನಿಂದ ಆಗುವುದಲ್ಲ. ನಾಲ್ವರಿಂದ ಆಗುತ್ತದೆ, ಆದರೆ ನಾಲ್ವರು ಹೊರಬಾರದು. ಹೊಸ್ತಿಲಿಂದ ನನ್ನ ಬೆರಳು ಒಂದೊಂದೇ ಬಿಡಿಸಿದ. ಕಚ್ಚಿದೆ. ನಿಜವಾಗಿ ಕಚ್ಚಿದೆ. ಆದರೂ ಎತ್ತಿ ತಂದು ಇಲ್ಲಿ ಕೂರಿಸಿದ.

ಆಮೇಲೆ ನಿಚ್ಚಣಿಕೆ ತೆಗೆದ. ಇಳಿಯಲು ಹೋಗಿ ಬೀಳುತ್ತೇನೆ ಎಂದು. ಗುಡ್ಡದ ಬುಡದ ಕೊರಕಲಿಗೆ ಅಡ್ಡ ಹಾಕಿದರೆ ಮುದುಕರು ದಾಟುತ್ತಾರೆ ಎಂದೂ ಅಂದ. ಹೆಗಲ ಮೇಲೆ ಹೊತ್ತುಕೊಂಡು ಹೋದ. ಅವ್ವ ತಿರುಗಿ ತಿರುಗಿ ನೋಡುತ್ತ ಹೋದಳು. ಕಂಬಳಿ ಬೇಡ ಅಂದವಳು ಅವಳೇ. ಅವ್ವನ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಮಧ್ಯಾಹ್ನ ಇರಬೇಕು

ತಾಡಪತ್ರಿ ಹಾರಿಹೋಯಿತು. ಓಣಿಯಲ್ಲಿ ನೀರು ಕಿಟಕಿಯ ಮಟ್ಟಕ್ಕೆ. ಕೊಟ್ಟಿಗೆಯ ಗೋಡೆ ಬಿತ್ತು, ಸದ್ದೇ ಇಲ್ಲದೆ ಕೂತಂತೆ ಕೂತಿತು. ಮಾಳಿಗೆಯ ನಡುವೆ ತಗ್ಗಾಗಿದೆ, ಅಲ್ಲಿ ನೀರು ನಿಂತಿದೆ. ಅಂಚಿಗೆ ತೆವಳಿ ಬಂದಿದ್ದೇನೆ. ಕೆಳಗೆ ನನ್ನ ಮಷೀನ್ ಇದೆ. ಸಿದ್ದರಾಮಪ್ಪನ ಹೆಂಡತಿಯ ಕುಬಸವೂ. ನಗು ಬರುತ್ತಿದೆ, ಯಾಕೋ.

ಕೂಗಿದೆ. ಗುಡ್ಡದ ತನಕ ಹೋಗುವುದಿಲ್ಲ ನನ್ನ ದನಿ.

ಸಾಯಲು ಮನಸ್ಸಿಲ್ಲ. ಇದನ್ನು ಬರೆದಿಡುತ್ತೇನೆ. ಬದುಕು ಸಾಕು ಎಂದು ಎಷ್ಟೋ ಸಲ ಅಂದಿದ್ದೇನೆ, ಅದೆಲ್ಲ ಸುಳ್ಳು.

ಇನ್ನೂ ಬೆಳಕಿದೆ

ತೊಲೆ ಮುರಿಯಿತು. ನಡುವೆ ಮಾಳಿಗೆ ಇಲ್ಲ, ತೂತು. ನಾನು ಕೂತ ಗೋಡೆಯ ಅಂಚು ಮಾತ್ರ.

ಯಾರೋ ಬರುತ್ತಿದ್ದಾರೆ... ಓಣಿಯಲ್ಲಿ. ಎದೆಮಟ್ಟ ನೀರು. ಮುಂದೆ ವೈನಿ! ಅವಳ ಸೆರಗು ಹಿಡಿದು ಕಾಶೀಬಾಯಿ. ಹಿಂದೆ ಅಣ್ಣ. ನಡುವೆ ಅವ್ವ. ಅವ್ವನ ತಲೆಯ ಮೇಲೆ ಕಂಬಳಿ.

ನಿಚ್ಚಣಿಕೆ ಎಲ್ಲಿ?

ಗೋಡೆಯ ಕೆಳಗೆ ಬಂದರು. ಅಣ್ಣ ತಲೆ ಎತ್ತುತ್ತಿಲ್ಲ. "ಕೊರಕಲ್ದಾಗ ಹರಕೊಂಡ ಹೋತು ಸಾರಿಕಾ. ನಾನ ಒಯ್ದೆ. ನಾನ ಕಳದೆ." ಅಳುತ್ತಿದ್ದಾನೆ.

ಅವ್ವ ಕಂಬಳಿ ಬಿಚ್ಚಿದಳು. ತಾನೇ ಒಂದು ಮೂಲೆ ಹಿಡಿದಳು. ಮೂರು ಮೂಲೆ ಮೂವರ ಕೈಗೆ ಕೊಟ್ಟಳು. ಯಾರ ಮೂಲೆ ಯಾವ ಕಡೆ ಎಂದು ಅವಳೇ ಹೇಳುತ್ತಿದ್ದಾಳೆ.

"ಏನರೆ ಅನ್ಲಿ ಮಂದಿ. ನನ್ನ ಮೂಲಿ ನಾ ಬಿಡಂಗಿಲ್ಲ. ಬಾರವ್ವ."

ಕಂಬಳಿ ಎಷ್ಟು ಚಿಕ್ಕದು ಇಲ್ಲಿಂದ. ನೀರಿನ ಮೇಲೆ ಕರೀ ತುಂಡು. ಕೈ ಬಿಡಲು ಆಗುತ್ತಿಲ್ಲ. ಬೆಳಿಗ್ಗೆ ಹೊಸ್ತಿಲು ಬಿಟ್ಟಿರಲಿಲ್ಲ, ಈಗ ಈ ಗೋಡೆ. ಬರೆಯುವುದು ಬಿಡು ಎಂದು ಅಣ್ಣ ಕೂಗುತ್ತಿದ್ದಾನೆ. ಎರಡೇ ಸಾಲು, ಅಷ್ಟರಲ್ಲಿ ಧೈರ್ಯ ಬಂದರೂ ಬರಬಹುದು.

ವೈನಿ ಮಾತಾಡಿದಳು. ವೈನಿ!

"ಸಾರಿಕಾ, ಮದಲ ಆ ವಹಿ ಒಗಿ. ನಾವು ಹಿಡೀತೀವೋ ಇಲ್ಲೋ ನೀನ ನೋಡು."

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತೇನೆ. ಮೊದಲು ವಹಿ. ಹಿಡಿದರೆ, ಆಮೇಲೆ ನಾ—