ನಾಲ್ಕರಿಂದ ಒಂಬತ್ತರವರೆಗೆ

4, ಸೋಮವಾರ

ಬೆಳಿಗ್ಗೆಯಿಂದ ಅದೇ ರಾಗ. ಹೆಡ್ ಸಿಸ್ಟರ್ ಹೆರಿಗೆ ವಾರ್ಡ್‌ನಿಂದ ನನ್ನ ಕಂಪ್ಯೂಟರ್ ರೂಮಿಗೆ ಮೂರು ಸಲ ಮೆಟ್ಟಿಲು ಹತ್ತಿ ಬಂದರು. "ಮೇಡಂ, ಒಂದು ಮಗೂನ ಎಂಟ್ರಿ ಮಾಡಿ ಸೇವ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. ಅಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತೆ."

ವಿವರಿಸಿದೆ. "ಸಿಸ್ಟರ್, ನನ್ನ ರೂಮಿನ ದೊಡ್ಡ ಮಷೀನ್ ಒಳಗೆ ಐದು ವರ್ಚುವಲ್ ಮಷೀನ್, ಅಂದ್ರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್, ಓಡ್ತಿವೆ. ಅದರಲ್ಲಿ ಒಂದು ನಿಮ್ದು. ಐದಕ್ಕೂ ಫೋಲ್ಡರ್ ಒಂದೇ. ನೀವು ಸೇವ್ ಒತ್ತಿದಾಗ ನಿಮ್ದು ದೊಡ್ಡದನ್ನ ಕೇಳುತ್ತೆ, ಡಿಸ್ಕಿಗೆ ಬರೆದಾಯ್ತಾ ಅಂತ. ಅದು ಬರೆದು ಆಯ್ತು ಅನ್ನೋವರೆಗೂ ಕಾಯುತ್ತೆ."

"ಕಾಯೋದ್ಯಾಕೆ? ಕೇಳಿದ ತಕ್ಷಣ ಆಯ್ತು ಅಂದುಬಿಡಲಿ."

ತಮಾಷೆಗೆ ಅಂದದ್ದು. ಆದರೆ ಅಂಥ ಸೆಟ್ಟಿಂಗ್ ಇದೆ. ಹಾಕಿಬಿಟ್ಟೆ. ಇನ್ನು ದೊಡ್ಡ ಮಷೀನ್ ಕೇಳಿದರೆ ಬರೆಯದೆಯೇ "ಆಯ್ತು" ಅನ್ನುತ್ತದೆ. ಎಲ್ಲ ಕರೆಂಟ್ ಇರುವವರೆಗಷ್ಟೇ ಉಳಿಯುವ ಮೆಮೊರಿಯಲ್ಲೇ ಇರುತ್ತದೆ, ಭಾನುವಾರ ಒಟ್ಟಿಗೆ ಡಿಸ್ಕಿಗೆ ಇಳಿಯುತ್ತದೆ. ಬ್ಯಾಟರಿ ಇದೆ, ಕರೆಂಟ್ ಹೋದರೂ ಚಿಂತೆಯಿಲ್ಲ. ಈಗ ಸೇವ್ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಹಸಿರು ಟಿಕ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

6, ಬುಧವಾರ

ಎರಡು ದಿನದಿಂದ ಒಂದೂ ದೂರಿಲ್ಲ. ಕೆಳಗೆ ಹೋದರೆ ರಾಜಮರ್ಯಾದೆ, ಸಿಸ್ಟರ್ ಕೈಯಿಂದಲೇ ಕಾಫಿ. ನಾಲ್ಕನೇ ಬೆಡ್‌ನ ಗಂಡು ಮಗುವಿಗೆ ಎಂಥ ಕೂದಲು… ಬೈತಲೆ ತೆಗೆದು ಬಾಚಬಹುದು.

7, ಗುರುವಾರ

ತಂಗಿಗೆ ಹೆರಿಗೆಯಾಯಿತು. ಹೆಣ್ಣು. ಬೆಳಿಗ್ಗೆ 10.40. ತೂಕ ಎರಡು ಕೆಜಿ ಎಂಟುನೂರ ಐವತ್ತು. ಎಡಗಿವಿಯ ಹಿಂದೆ ಕಪ್ಪು ಮಚ್ಚೆ, ಅಪ್ಪನಿಗಿದ್ದ ಜಾಗದಲ್ಲೇ. ಬೆಡ್ ಹನ್ನೆರಡು. ಎಂಟ್ರಿ ನಾನೇ ಮಾಡಿದೆ. ತಕ್ಷಣ ಹಸಿರು.

"ಅಕ್ಕಾ, ಯಾರ ಹಾಗಿದಾಳೆ?"

"ಸದ್ಯಕ್ಕೆ ಕೋಪ ಬಂದಿರೋ ಹೆಡ್‌ಮಾಸ್ಟರ್ ಹಾಗೆ. ಹುಬ್ಬು ನೋಡು, ಹೇಗೆ ಗಂಟಿಕ್ಕಿಕೊಂಡಿದಾಳೆ."

ನಕ್ಕಳು, ಹೊಲಿಗೆ ನೋಯಿತೆಂದು ಬೈದಳು. ಇಷ್ಟು ಸಂತೋಷ ಎಂದಾದರೂ ಆಗಿತ್ತೇ, ನೆನಪಿಲ್ಲ.

9, ಶನಿವಾರ, ಮಧ್ಯಾಹ್ನ 3.15

ಬ್ಯಾಟರಿ ಬದಲಿಸಲು ಬಂದವನು ತಪ್ಪು ವೈರ್ ಎಳೆದ. ದೊಡ್ಡ ಮಷೀನ್ ಆರಿತು. ಒಂದೇ ಕ್ಷಣ. ಮತ್ತೆ ಎದ್ದಿತು. ಫೋಲ್ಡರ್ ತೆರೆದೆ— ನಾಲ್ಕರಿಂದ ಒಂಬತ್ತರವರೆಗೆ ಮಗುವಿಗೊಂದರಂತೆ ಹನ್ನೊಂದು ಫೈಲ್. ಹನ್ನೊಂದರ ಗಾತ್ರವೂ ಸೊನ್ನೆ. ಈಗ ಫೋನ್ ಬರುತ್ತದೆ. ಏನು ಹೇಳಲಿ?

ಸಂಜೆ 5

ಫೋನ್ ಬರಲಿಲ್ಲ. ನಾನೇ ಇಳಿದೆ. ವಾರ್ಡ್‌ನಲ್ಲಿ ಅಳುವಿಲ್ಲ. ಹನ್ನೊಂದು ತೊಟ್ಟಿಲೂ ಖಾಲಿ.

"ಮಕ್ಕಳೆಲ್ಲಿ ಸಿಸ್ಟರ್?"

"ಯಾವ ಮಕ್ಕಳು ಮೇಡಂ? ಈ ವಾರ ಒಂದೂ ಹೆರಿಗೆ ಆಗಿಲ್ಲ."

ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಸುಳ್ಳಾಡುತ್ತಿರಲಿಲ್ಲ. ಹನ್ನೆರಡನೇ ಬೆಡ್‌ನಲ್ಲಿ ತಂಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. "ಆಪರೇಷನ್ ಆಗಿ ಎರಡು ದಿನ ಆಯ್ತಲ್ಲ, ಮನೆಗೆ ಯಾವಾಗ ಕಳಿಸ್ತಾರಕ್ಕಾ?" ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಅವಳು ಅದನ್ನು ನೋಡಿಕೊಂಡಳು, ಏನೆಂದು ತಿಳಿಯದೆ ಸೆರಗು ಎಳೆದುಕೊಂಡಳು.

10, ಭಾನುವಾರ

ತಂಗಿಯ ಗಂಡನನ್ನು ಕೇಳಿದೆ. "ಅಪೆಂಡಿಕ್ಸ್ ಅಷ್ಟೇ ಅಲ್ವಾ ಅಕ್ಕ, ಅದಕ್ಯಾಕೆ ಅಳ್ತೀರಾ?" ಎಂದ.

ನನಗೆ ಹುಚ್ಚು ಹಿಡಿದಿದೆಯೇ? ಬೆಳಿಗ್ಗೆ ಎದ್ದಾಗ ಮಚ್ಚೆ ಎಡಗಿವಿಗೋ ಬಲಗಿವಿಗೋ ಮರೆತಿತ್ತು. ಮಧ್ಯಾಹ್ನ, ಹೆಣ್ಣೋ ಗಂಡೋ ಎಂದೇ ತಡಕಾಡಿದೆ. ಈ ನೋಟ್‌ಬುಕ್ ತೆರೆದು ಏಳನೇ ತಾರೀಖು ಓದಿದ ಮೇಲೆ ಎಲ್ಲ ವಾಪಸ್ ಬಂತು. ಈ ಆಸ್ಪತ್ರೆಯಲ್ಲಿ ನಿಜವಾಗಿ ಬರೆದಿಟ್ಟಿದ್ದು ಇದೊಂದೇ. ಗಂಟೆಗೊಮ್ಮೆ ಓದುತ್ತಿದ್ದೇನೆ.

11, ಸೋಮವಾರ, ಬೆಳಿಗ್ಗೆ 9

ಸೆಟ್ಟಿಂಗ್ ಮೊದಲಿನಂತೆ ಮಾಡಿದೆ. ಇನ್ನು ಡಿಸ್ಕಿಗೆ ಬರೆಯದೆ "ಆಯ್ತು" ಅನ್ನುವಂತಿಲ್ಲ. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಟೈಪ್ ಮಾಡಿದೆ. ಹೆಣ್ಣು. ವೇಳೆ. ತೂಕ. ಎಡಗಿವಿ, ಮಚ್ಚೆ. 'ಇತರೆ' ಎಂಬಲ್ಲಿ ಹೆಡ್‌ಮಾಸ್ಟರ್ ಹುಬ್ಬನ್ನೂ ಬಿಡಲಿಲ್ಲ. ಸೇವ್.

ಚಕ್ರ ತಿರುಗಿತು. ನಾಲ್ಕು ನಿಮಿಷ. ಹಸಿರು ಬಂತು— ಕೆಳಗಿಂದ ಅಳುವೂ ಬಂತು.

ಮೆಟ್ಟಿಲು ಹೇಗಿಳಿದೆನೋ. ತಂಗಿ ಹಾಲೂಡಿಸುತ್ತಿದ್ದಳು. "ಮೆಲ್ಲಗೆ ಬಾರಕ್ಕಾ, ಈಗಷ್ಟೇ ಸಮಾಧಾನ ಆಗಿದಾಳೆ." ಕಿವಿ ಮಡಿಸಿ ನೋಡಿದೆ. ಮಚ್ಚೆ ಇತ್ತು. ಗೋಡೆಗೆ ಒರಗಿ ಅತ್ತುಬಿಟ್ಟೆ.

ತಿರುಗಿ ನೋಡಿದರೆ ಹತ್ತು ಬೆಡ್. ಹತ್ತು ಹೆಂಗಸರು. ನಾಲ್ಕನೇ ಬೆಡ್‌ನವರು ಪಕ್ಕದ ಖಾಲಿ ಹಾಸಿಗೆಯನ್ನು ಮೆಲ್ಲಗೆ ತಟ್ಟುತ್ತಿದ್ದರು. ತಟ್ಟುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ನೋಟ್‌ಬುಕ್ ತಿರುವಿ ಹಾಕಿದೆ. ನಮ್ಮ ಮಗುವಿನದಷ್ಟೇ ಬರೆದಿದ್ದೇನೆ. ಉಳಿದವರ ಮಕ್ಕಳ ಬಗ್ಗೆ ಒಂದೇ ಒಂದು ಸಾಲು— ನಾಲ್ಕನೇ ಬೆಡ್, ಗಂಡು, ಕೂದಲು.

12, ಮಂಗಳವಾರ, ಬೆಳಿಗ್ಗೆ 10

ಒಂದು ವಿಷಯ. ತಂಗಿಯ ಮಗು ಮಲಗಿರುವಾಗಲೂ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತದೆ. ಬೆರಳಿಂದ ನೀವಿದೆ. ಸಡಿಲವಾಗಲಿಲ್ಲ. ತಂಗಿ ನಗುತ್ತಾಳೆ, ನಾನು ನಗಲಿಲ್ಲ.

10.30

ನಾಲ್ಕನೇ ಬೆಡ್‌ನವರಿಗೆ ಇವತ್ತು ಮಧ್ಯಾಹ್ನ ಡಿಸ್ಚಾರ್ಜ್. ಮನೆಗೆ ಹೋದರೆಂದರೆ ಮುಗಿಯಿತು. ಫಾರಂ ತೆರೆದೆ. ಗಂಡು. ಕೂದಲು. ಸೇವ್ ಒತ್ತಿದರೆ ತಗೊಳ್ಳುತ್ತಿಲ್ಲ. ತೂಕ ಬೇಕು, ವೇಳೆ ಬೇಕು. ಖಾಲಿ ಬಿಡಬಾರದು ಎಂದು ಹೋದ ವರ್ಷ ಕಡ್ಡಾಯ ಮಾಡಿದವಳು ನಾನೇ.

ಮೂರು ಕೆಜಿ ಅಂತ ಹಾಕಲೇ? ಸುಮ್ಮನೆ ಹಾಕಿದರೆ… ಬರುವುದು ಯಾರು?

10.50

ಆ ಹೆಂಗಸು ಇನ್ನೂ ಹಾಸಿಗೆ ತಟ್ಟುತ್ತಿದ್ದಾರೆ. ನೋಡಲಾಗಲಿಲ್ಲ. ಮೂರು ಕೆಜಿ. ಬೆಳಿಗ್ಗೆ ಒಂಬತ್ತು. ಸೇವ್ ಒತ್ತಿದೆ.

11.25

ಇನ್ನೂ ತಿರುಗುತ್ತಿದೆ.

11.40

ಹಸಿರು. ಕಿವಿಗೊಟ್ಟು ಕೂತಿದ್ದೇನೆ. ಅಳು ಇಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ, ನಿಧಾನ, ಹೊಲಿಗೆ ಹಾಕಿಸಿಕೊಂಡವರು ಹತ್ತುವಂತೆ.

ಬಾಗಿಲಲ್ಲಿ ನಿಂತಿದ್ದಾರೆ. ಎದೆಗವಚಿದ ಬಿಳಿ ಬಟ್ಟೆಯ ಗಂಟು. ತಲೆ ಎತ್ತಲು ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ಮೇಡಂ, ಎಂಟ್ರಿ ಮಾಡಿದ್ದು ನೀವೇ ಅಂತೆ. ಒಂಚೂರು ನೋಡ್ತೀರಾ? ಕೂದಲೇನೋ ಚೆನ್ನಾಗಿದೆ. ಆದ್ರೆ ಮುಖ ಖಾಲಿ ಇದೆ."