ಕೆರೆಯಲ್ಲಿ ತೊಳೆದ ಮದ್ದಿನ ಡ್ರಮ್ಮು

ಮಗ ಕೇಶವಪ್ರಸಾದ, ನಿನಗೆ ತಲೆ ಉಂಟಾ ಮಾರಾಯ? ಫೋನಿನಲ್ಲಿ ಬರೀ ಹೂಂ ಹೂಂ ಎನ್ನುತ್ತೀಯ, ಅದಕ್ಕೇ ಈ ಕಾರ್ಡು. ಕೆರೆ ಮುಚ್ಚಿದ ಅಂತರಗಂಗೆ ಕಳೆಯನ್ನು ಸಾಯಿಸಲಿಕ್ಕೆ ನಿನ್ನ ಮಗಳು ತನ್ನ ಓದಿನ ಪ್ರಯೋಗಕ್ಕೆಂದು ಬೂಷ್ಟು ಬಿಟ್ಟಿದ್ದಳು. ನೀನು ಅಡಿಕೆಗೆ ಮೈಲುತುತ್ತು ಹೊಡೆದ ಡ್ರಮ್ಮನ್ನು ಅದೇ ಕೆರೆಯಲ್ಲಿ ತೊಳೆದೆ. ಕೊಳೆರೋಗದ ಬೂಷ್ಟನ್ನು ಕೊಲ್ಲುವ ಮದ್ದು ಇವಳ ಬೂಷ್ಟನ್ನು ಬಿಟ್ಟೀತೇ?

ಗಂಟುನೋವಿನ ಮದ್ದಿಗೆಂದು ನಾನು ಬಂದ ಈ ಮಿಜಾರಿನಲ್ಲಿ, ಅವಳ ಕಾಲೇಜಿನಲ್ಲಿ, ಅನ್ನದ ಮೇಲೆ ಬೂಷ್ಟು ಬೆಳೆಸಿ ಕರುವಿನ ಹಾಗೆ ಸಾಕುತ್ತಾರೆ. ಅದು ತಾಗಿದ ಅಂತರಗಂಗೆ ತೊಟ್ಟಿಯಲ್ಲಿ ಕಂದಾಗಿ ಮುಳುಗಿದ್ದನ್ನು ಕಣ್ಣಾರೆ ಕಂಡೆ. "ಇನ್ನೊಂದೇ ಸಲ ಬಿಡ್ಲಿಕ್ಕೆ ಉಂಟು ಅಜ್ಜಿ, ಅದೂ ಸತ್ರೆ ನನ್ನ ಓದು ಮುಗೀಲಿಕ್ಕಿಲ್ಲ" ಎನ್ನುತ್ತಾಳೆ.

ನನ್ನ ಗಂಟುನೋವು ಕಡಿಮೆ ಉಂಟು. ಆಗಸ್ಟಿನಲ್ಲಿ ಸೋಣ ತಿಂಗಳು ಹುಟ್ಟಿದರೆ ಅವಳು ಮತ್ತೆ ಬೂಷ್ಟು ಬಿಡುತ್ತಾಳೆ; ಡ್ರಮ್ಮನ್ನು ಇನ್ನು ಕೆರೆಗೆ ಇಳಿಸುವುದಿಲ್ಲ ಎಂದು ಅದಕ್ಕೆ ಮೊದಲು ನಿನ್ನ ಕೈಯಲ್ಲೇ ಬರೆದು ಅಂಚೆಗೆ ಹಾಕು.

ಅಮ್ಮ