ಒಂದು ಅಂಕದ ಶ್ರೇಷ್ಠ ಬ್ಯಾಟ್ಸ್‌ಮನ್

ದೈಹಿಕ ಶಿಕ್ಷಣ ಶಿಕ್ಷಕರ ನೇಮಕಾತಿ ಪರೀಕ್ಷೆ ನಡೆಸಿದ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಕ್ರಿಕೆಟ್ ಇತಿಹಾಸದ ಅತ್ಯಂತ ಶ್ರೇಷ್ಠ ಬ್ಯಾಟ್ಸ್‌ಮನ್ ಯಾರು ಎಂಬ ಪ್ರಶ್ನೆಗೆ ಜಗತ್ತಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ನಿಮ್ಮ ಕಚೇರಿಗೆ ಮಾತ್ರ ಸಿಕ್ಕಿದೆ, ಅದೂ ಎರಡು ಸಲ, ಎರಡು ಬೇರೆ ಬೇರೆ ಉತ್ತರ. ನಿಮ್ಮ ಎರಡನೆಯ ಉತ್ತರದಿಂದ ನನಗೆ ಸರ್ಕಾರಿ ಕೆಲಸ ಸಿಕ್ಕಿದೆ, ನನ್ನ ಗೆಳತಿ ಪವಿತ್ರಳ ಕೈಗೆ ಬಂದಿದ್ದ ಕೆಲಸ ಹೋಗಿದೆ. ಗೆದ್ದವಳೇ ದೂರುತ್ತಿರುವುದು ನಿಮಗೆ ವಿಚಿತ್ರವಾಗಿ ಕಾಣಬಹುದು. ಸೋತವಳು ಮನವಿ ಕೊಟ್ಟು ನೋಡಿದಳು. ಸ್ವೀಕೃತಿಯ ಮೊಹರು ಬಿಟ್ಟು ಅವಳಿಗೆ ಬೇರೇನೂ ಬರಲಿಲ್ಲ.

ಪವಿತ್ರ ಒಂದು ಕಾಲಕ್ಕೆ ವಿಶ್ವವಿದ್ಯಾನಿಲಯದ ತಂಡದ ವೇಗದ ಬೌಲರ್. ಆಮೇಲೆ ವಿದ್ಯಾರಣ್ಯಪುರಂನ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಓಡಿಸಿ, ಆಡಿಸಿ ಬದುಕಿದವಳು. ಪರೀಕ್ಷೆಗೆ ಇಬ್ಬರೂ ಅವಳ ಮನೆಯ ಜಗಲಿಯಲ್ಲಿ ಕೂತು ಓದಿದೆವು. ಓದಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. "ಸರಾಸರಿ ಒಂದೇ ನೋಡ್ಬೇಕು ಕಣೇ, ಉಳಿದಿದ್ದೆಲ್ಲ ಬರೀ ಅಭಿಮಾನ" ಎಂದು ನಾನು. "ಬುಡು, ನೀನೇನು ಬೌಲಿಂಗ್ ಮಾಡಿದ್ದೀಯಾ? ಯಾರು ಎದುರಿಗೆ ನಿಂತ್ರೆ ಓಡಿ ಬರೋವಾಗ ಕಾಲು ಭಾರ ಆಗುತ್ತೋ ಅವನೇ ದೊಡ್ಡೋನು" ಎಂದು ಅವಳು. ಮಳೆಗೆ ನೆನೆದ ಪಿಚ್ಚಿನಲ್ಲಿ ಹೆಲ್ಮೆಟ್ ಇಲ್ಲದೆ ಆಡಿದವರನ್ನೂ ಇಂದಿನವರನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ದುರ್ಬಲ ತಂಡದ ಮೇಲೆ ಹೊಡೆದ ನೂರಕ್ಕೂ ತಂಡ ಮುಳುಗುತ್ತಿರುವಾಗ ಹೊಡೆದ ನಲವತ್ತಕ್ಕೂ ಬೆಲೆ ಒಂದೇನಾ? ಆಡಿದ್ದನ್ನು ಯಾರೂ ಬರೆದಿಡದ ಹೆಣ್ಣುಮಕ್ಕಳನ್ನು ಎಲ್ಲಿ ನಿಲ್ಲಿಸುವುದು? ಪವಿತ್ರಳ ತಾಯಿ ಚಾಮುಂಡಮ್ಮ ಕಡ್ಲೆಪುರಿ ತಂದಿಟ್ಟು, "ಅವ್ರೇನು ಬಂದು ನಿಮ್ಗೆ ಅನ್ನ ಇಕ್ತಾರಾ? ಪುಸ್ತಕ ತೆಗೀರಮ್ಮ" ಎನ್ನುತ್ತಿದ್ದರು. ಅನ್ನಕ್ಕೇ ಕೈಹಾಕುತ್ತಾರೆಂದು ಆ ತಾಯಿಗೆ ಹೇಗೆ ತಿಳಿಯಬೇಕು?

ನಿಮ್ಮ ಪತ್ರಿಕೆಯಲ್ಲಿ ಆ ಪ್ರಶ್ನೆಯೇ ಬಂತು. ನಾಲ್ಕು ಹೆಸರು, ಸರಿಯಾದುದನ್ನು ಆರಿಸಿ. ಯಾವ ಅಳತೆಯಲ್ಲಿ ಸರಿ ಎಂಬ ಒಂದು ಮಾತೂ ಇರಲಿಲ್ಲ. ಪರೀಕ್ಷೆ ಮುಗಿಸಿ ಗೇಟಿನ ಹತ್ತಿರ ಸಿಕ್ಕ ಪವಿತ್ರ ನಗುತ್ತಿದ್ದಳು. "ಕೊನೆಗೂ ನೀನೇ ಗೆದ್ದೆ ಕಣೇ. ಪರೀಕ್ಷೆಗೆ ಲೆಕ್ಕದ ಉತ್ತರಾನೇ ಸರಿ ಅಂತ ಸರಾಸರಿಯವ್ನಿಗೇ ಹಾಕ್ಬುಟ್ಟೆ" ಎಂದಳು. ನಾನು ನಗಲಿಲ್ಲ. ಪ್ರಶ್ನೆ ತೆಗೆದವರಿಗೆ ನಮ್ಮ ದೇಶದವರೇ ಇಷ್ಟವಿರಬಹುದೆಂದು ಊಹಿಸಿ, ಅತಿ ಹೆಚ್ಚು ರನ್ ಗಳಿಸಿದವರ ಹೆಸರಿಗೆ ಗುರುತು ಹಾಕಿದ್ದೆ. ನಾನು ನಂಬಿದ್ದನ್ನು ಅವಳು ಬರೆದಿದ್ದಳು. ನಾನು ನಿಮ್ಮ ಮನಸ್ಸನ್ನು ಬರೆದಿದ್ದೆ.

ಕರಡು ಕೀ ಉತ್ತರದಲ್ಲಿ ಅವಳದು ಸರಿ, ನನ್ನದು ತಪ್ಪು. ನನಗಿಂತ ಒಂದೇ ಅಂಕ ಮುಂದಿದ್ದ ಅವಳಿಗೆ ತಾತ್ಕಾಲಿಕ ಪಟ್ಟಿಯ ಕೊನೆಯ ಹುದ್ದೆ. ಅಂತಿಮ ಕೀ ಉತ್ತರದಲ್ಲಿ ನನ್ನದು ಸರಿಯಾಯಿತು. ಅವಳ ಅಂಕ ಹೋಯಿತು, ನನಗೊಂದು ಬಂತು, ಹುದ್ದೆ ನನ್ನದಾಯಿತು. ಇಬ್ಬರೂ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆವು. "ತಜ್ಞರ ಸಮಿತಿ ತೀರ್ಮಾನ ಕಣ್ರೀ, ಅದೇ ಅಂತಿಮ" ಎಂದರು ಕಿಟಕಿಯಲ್ಲಿದ್ದವರು. ತಜ್ಞರು ಯಾರು ಎಂದು ಪವಿತ್ರ ಕೇಳಿದಳು. "ಕ್ರಿಕೆಟ್ ನೋಡೋರೇ ಇರ್ತಾರೆ ಬಿಡಮ್ಮ" ಎಂದು ಅವರು ಕಿಟಕಿ ಎಳೆದುಕೊಂಡರು. ಸ್ವಾಮಿ, ಕ್ರಿಕೆಟ್ ನಾವೂ ನೋಡುತ್ತೇವೆ. ಎರಡು ಪ್ರಕಟಣೆಗಳ ನಡುವೆ ಆ ಇಬ್ಬರು ಆಟಗಾರರಲ್ಲಿ ಯಾರಾದರೂ ಹೊಸದಾಗಿ ಆಡಿ ರನ್ ಕೂಡಿಸಿಕೊಂಡರೇ? ಅಥವಾ ನಿಮ್ಮ ತಜ್ಞರು ಟಿವಿ ಚಾನೆಲ್ ಬದಲಾಯಿಸಿದರೇ?

ಪವಿತ್ರಳಿಗೆ ವಯೋಮಿತಿ ಮುಗಿದಿದೆ, ಇನ್ನೊಂದು ಪರೀಕ್ಷೆ ಇಲ್ಲ. ಓದಲೆಂದು ರಜೆ ಹಾಕಿದ್ದಾಗ ಖಾಸಗಿ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಈಗ ಅವಳು ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಗುತ್ತಿಗೆಯ ಮೇಲೆ ನೆಲ ಒರೆಸುತ್ತಾಳೆ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದು ಅವಳು ಕಲಿತ ಕೆಲಸವಲ್ಲ, ಅಷ್ಟೆ. ಕಳೆದ ವಾರ ಅವಳ ಮನೆಗೆ ಹೋದಾಗ ಸಮವಸ್ತ್ರದಲ್ಲೇ ಗೋಡೆಗೊರಗಿ ಕೂತಿದ್ದಳು. ಈ ಪತ್ರದ ವಿಷಯ ಹೇಳಿದೆ.

"ಬರೀಬೇಡ ಕಣೇ" ಎಂದಳು. "ಇಬ್ರೂ ಮನೇಲಿ ಕೂತ್ರೆ ಏನ್ ಬಂತು?"

"ನಿಂಗೆ ಕೋಪ ಇಲ್ವಾ?"

"ಇದೆ. ನಿನ್ ಮೇಲೂ ಇದೆ. ಆಟ ನೋಡೋಕೇ ಆಗ್ತಿಲ್ಲ ನಂಗೆ. ಟಿವಿ ಹಾಕಿದ್ರೆ ಎದ್ದು ಹೋಗ್ತೀನಿ." ಚಾಮುಂಡಮ್ಮ ಒಳಗಿದ್ದರು. ಆವತ್ತು ಅವರು ಹೊರಗೆ ಬರಲಿಲ್ಲ.

ನನ್ನ ಒತ್ತಾಯ ಇಷ್ಟು. ಆ ಪ್ರಶ್ನೆಯನ್ನು ರದ್ದು ಮಾಡಿ, ಎಲ್ಲರ ಅಂಕವನ್ನೂ ಮತ್ತೆ ಎಣಿಸಿ. ಆಗ ನಾವಿಬ್ಬರೂ ಸಮ. ಅಂಕ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಹುದ್ದೆ ಎಂದು ನಿಮ್ಮ ಅಧಿಸೂಚನೆಯೇ ಹೇಳುತ್ತದೆ. ಪವಿತ್ರ ನನಗಿಂತ ದೊಡ್ಡವಳು. ಇದನ್ನು ದೊಡ್ಡ ಮನಸ್ಸಿನಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ನೇಮಕಾತಿ ಆದೇಶ ನನ್ನ ಮುಂದೆಯೇ ಇದೆ, ಈ ಕೆಲಸ ನನಗೂ ಬೇಕು, ತುಂಬಾ ಬೇಕು. ಆದರೂ ಕೇಳುತ್ತಿದ್ದೇನೆ: ಇದನ್ನು ನನ್ನಿಂದ ವಾಪಸು ತೆಗೆದುಕೊಳ್ಳಿ. ನಾನಾಗಿಯೇ ಬಿಟ್ಟುಕೊಡುವಷ್ಟು ಧೈರ್ಯ ನನಗಿಲ್ಲ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಸದ್ಯಕ್ಕೆ ಉಳಿದಿರುವ
ಸಿಂಚನ
ಚಾಮರಾಜಪುರಂ, ಮೈಸೂರು